ಸಿನಿಬೆಂಚ್ ದಾಟುವ ಯಂತ್ರ ಸುಮ್ಮನಿದ್ದಾಗ ಏಕೆ ರೀಸ್ಟಾರ್ಟ್ ಆಗುತ್ತದೆ? ಓವರ್‌ಕ್ಲಾಕ್ ಮಾಡಿದ ಗೇಮಿಂಗ್ ಪಿಸಿಯನ್ನು ಒರೆಗೆ ಹಚ್ಚುವ ಬಗೆ

ಬಿಸಿಲೂರಿನವ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಾರ್ಖಾನೆ ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿಗೆ ಏರಿಸಿದ (ಓವರ್‌ಕ್ಲಾಕ್ ಮಾಡಿದ) ನನ್ನ ಯಂತ್ರದಲ್ಲಿ ರೈಜೆನ್ 5 5600ಎಕ್ಸ್ ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್‌ಗಳು, ಆರ್‌ಟಿಎಕ್ಸ್ 3070 ಟಿಐ ಕಾರ್ಡ್ ಹಾಗೂ 750 ವ್ಯಾಟ್‌ನ ಪವರ್ ಸಪ್ಲೈ ಇವೆ. ಬಯೋಸ್‌ನಲ್ಲಿ ಪಿಬಿಒ (ಪ್ರೊಸೆಸರಿನ ವೇಗ ಏರಿಸುವ ಎಎಂಡಿಯ ಸೌಲಭ್ಯ) ಚಾಲೂ ಮಾಡಿ, ಗರಿಷ್ಠ ವೇಗದ ಮಿತಿಯನ್ನು 200 ಮೆಗಾಹರ್ಟ್ಸ್‌ನಷ್ಟು ಏರಿಸಿ, ಕೋರ್‌ಗಳ ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಆರೂ ಕೋರ್‌ಗಳಿಗೆ ಮೈನಸ್ 25 ಕೊಟ್ಟಿದ್ದೇನೆ. ರ್‍ಯಾಮ್ ತನ್ನ ತಯಾರಕರು ಕೊಟ್ಟ ಎಕ್ಸ್‌ಎಂಪಿ ಪ್ರೊಫೈಲ್‌ನಲ್ಲಿ 3600ರ ವೇಗದಲ್ಲಿ ಓಡುತ್ತಿದೆ. ಗ್ರಾಫಿಕ್ಸ್ ಕಾರ್ಡಿಗೆ ಆಫ್ಟರ್‌ಬರ್ನರ್ ತಂತ್ರಾಂಶದ ಮೂಲಕ ಕೋರ್‌ಗೆ ಪ್ಲಸ್ 120, ಮೆಮೊರಿಗೆ ಪ್ಲಸ್ 1000 ಮೆಗಾಹರ್ಟ್ಸ್ ಕೊಟ್ಟಿದ್ದೇನೆ.

ಪ್ರೊಸೆಸರಿನ ವೇಗ ಅಳೆಯುವ ಸಿನಿಬೆಂಚ್ ಆರ್23ರ ಹತ್ತು ನಿಮಿಷದ ಓಟವನ್ನು ಎಷ್ಟು ಸಲ ಬೇಕಾದರೂ ಮುಗಿಸುತ್ತದೆ. ಪ್ರೊಸೆಸರಿಗೆ ಭಾರೀ ಲೆಕ್ಕ ಕೊಡುವ ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆಯನ್ನು ಒಂದು ಗಂಟೆ ಓಡಿಸಿದರೂ ದೋಷ ಬರುವುದಿಲ್ಲ, ಗ್ರಾಫಿಕ್ಸ್ ಕಾರ್ಡಿನ ಪರೀಕ್ಷೆಯಾದ ಫರ್‌ಮಾರ್ಕ್ ಕೂಡ ತಕರಾರಿಲ್ಲದೆ ನಡೆಯುತ್ತದೆ. ಆದರೆ ಬ್ರೌಸರಿನಲ್ಲಿ ಏನನ್ನೋ ಓದುತ್ತ ಕುಳಿತಾಗ, ಅಥವಾ ಆಟದಿಂದ ಹೊರಬಂದು ಡೆಸ್ಕ್‌ಟಾಪ್‌ಗೆ ಮರಳಿದ ಮರುಗಳಿಗೆಯಲ್ಲಿ, ಪರದೆ ಕಪ್ಪಾಗಿ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಇದೆ. ಪವರ್ ಸಪ್ಲೈ ಬದಲಿಸಿ ಎಂಬುದು ಪರಿಚಿತರ ಸಲಹೆ. ಕಲಬುರಗಿಯ ಮೇ ತಿಂಗಳಾದ್ದರಿಂದ ಮಧ್ಯಾಹ್ನ ಕೋಣೆಯೊಳಗೇ 38 ಡಿಗ್ರಿ ಇರುತ್ತದೆ. ಆದರೂ ಬಿಸಿಯಾದಾಗ ನಡೆಯುವ ಯಂತ್ರ ತಣ್ಣಗಿದ್ದಾಗ ಕೈಕೊಡುವುದು ಏಕೆಂದು ತಿಳಿಯುತ್ತಿಲ್ಲ. ಯಾವ ಪರೀಕ್ಷೆಯನ್ನು ನಂಬಬೇಕು?

ಕೋರ್‌ಗೊಂದು ಕರ್ವ್

ಮೊದಲಿಗೆ ಆ 41ರ ಭಯ ಬಿಡಿ. ಹಿಂದಿನ ಸಲ ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂದು ವಿಂಡೋಸ್ ಮರಳಿ ಎದ್ದಮೇಲೆ ಬರೆದುಕೊಳ್ಳುವ ಟಿಪ್ಪಣಿ ಅದು. ಹೆಸರಿನಲ್ಲಿ ಪವರ್ ಎಂದಿದ್ದ ಮಾತ್ರಕ್ಕೆ ಪವರ್ ಸಪ್ಲೈ ಅಪರಾಧಿಯಾಗುವುದಿಲ್ಲ. ಅದೇ ಸಮಯದ ಆಸುಪಾಸಿನಲ್ಲಿ ಹಾರ್ಡ್‌ವೇರ್ ದೋಷಗಳನ್ನು ಬರೆದಿಡುವ ವಿಯಾ-ಲಾಗರ್ ಎಂಬ ಮೂಲದಿಂದ 18ನೇ ಸಂಖ್ಯೆಯ ದಾಖಲೆ ಇದೆಯೇ ನೋಡಿ. ಇದ್ದರೆ ಅದನ್ನು ತೆರೆದು, ದೋಷದ ಬಗೆ ಏನೆಂದಿದೆ, ಕೊನೆಯಲ್ಲಿ ಎಪಿಐಸಿ ಐಡಿ (ದೋಷ ಕಂಡ ಥ್ರೆಡ್‌ನ ಸಂಖ್ಯೆ) ಎಷ್ಟಿದೆ ಎಂಬುದನ್ನು ಇಲ್ಲಿ ತಿಳಿಸಿ. ಒಂದೊಂದು ಕೋರ್‌ಗೆ ಎರಡು ಥ್ರೆಡ್ ಇರುವುದರಿಂದ ನಿಮ್ಮ ಚಿಪ್‌ನಲ್ಲಿ ಸಾಮಾನ್ಯವಾಗಿ ಆ ಸಂಖ್ಯೆಯನ್ನು ಎರಡರಿಂದ ಭಾಗಿಸಿ ಶೇಷ ಬಿಟ್ಟರೆ, ಸೊನ್ನೆಯಿಂದ ಎಣಿಸುವಾಗ ಎಷ್ಟನೆಯ ಕೋರ್ ಎಂಬುದು ಸಿಗುತ್ತದೆ.

ಇನ್ನು ಬಿಸಿಯಾದಾಗ ನಡೆದು ತಣ್ಣಗಿದ್ದಾಗ ನಿಲ್ಲುವ ವಿಚಾರ. ಸ್ಮಾಲ್ ಎಫ್‌ಎಫ್‌ಟಿಯಲ್ಲಿ ಹನ್ನೆರಡು ಥ್ರೆಡ್‌ಗಳೂ ದುಡಿಯುತ್ತಿರುವಾಗ ವಿದ್ಯುತ್ ಮತ್ತು ಉಷ್ಣದ ಮಿತಿಗಳು ಪ್ರೊಸೆಸರನ್ನು ಕೆಳಕ್ಕೆ ಎಳೆಯುತ್ತವೆ. ನಿಮ್ಮ ಕೋರ್‌ಗಳು ಆಗ 4.3 ಅಥವಾ 4.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಇರಬಹುದು. ಆ ವೇಗಕ್ಕೆ ಬೇಕಾದ ವೋಲ್ಟೇಜ್ ಕಡಿಮೆ, ಹಾಗಾಗಿ ಕರ್ವ್‌ನಲ್ಲಿ ಕಡಿತ ಮಾಡಿದ್ದರೂ ಉಸಿರಾಡಲು ಜಾಗ ಇರುತ್ತದೆ. ಬ್ರೌಸರಿನಲ್ಲಿ ಒಂದು ಪುಟ ತೆರೆದಾಗ ಮಾತ್ರ ಒಂದೇ ಕೋರ್ ಕ್ಷಣಕಾಲ ಎದ್ದು, 5600ಎಕ್ಸ್‌ನ ಸಹಜ ಮಿತಿಯಾದ 4.65ರ ಮೇಲೆ ನೀವು ಕೊಟ್ಟ 200 ಸೇರಿ 4.85 ಗಿಗಾಹರ್ಟ್ಸ್ ಮುಟ್ಟುತ್ತದೆ. ಕರ್ವ್ ಆಪ್ಟಿಮೈಸರಿನ ಒಂದೊಂದು ಅಂಕವೂ ಸರಿಸುಮಾರು 3ರಿಂದ 5 ಮಿಲಿವೋಲ್ಟ್ ಎಂದು ಎಎಂಡಿಯೇ ಹೇಳಿದೆ. ಮೈನಸ್ 25 ಎಂದರೆ 75ರಿಂದ 125 ಮಿಲಿವೋಲ್ಟ್‌ವರೆಗೆ ಕಡಿತ. ಅತಿ ಹೆಚ್ಚು ವೇಗದ ತುದಿಯಲ್ಲಿ ಅಷ್ಟು ಕಡಿತವನ್ನು ಎಲ್ಲ ಕೋರ್‌ಗಳೂ ತಾಳುವುದಿಲ್ಲ. ನೀವು ಮಾಡಿರುವ ಪರೀಕ್ಷೆಗಳಲ್ಲಿ ಒಂದೂ ಆ ತುದಿಯನ್ನು ಮುಟ್ಟಿಲ್ಲ.

ಎಸ್‌ಪಿ ರೋಡ್ ಸಂಚಾರಿ

ಪವರ್ ಸಪ್ಲೈ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 30ರ ಸರಣಿಯ ದೊಡ್ಡ ಕಾರ್ಡ್‌ಗಳು ಕ್ಷಣಾರ್ಧದಲ್ಲಿ ತಮ್ಮ ನಮೂದಿತ ವ್ಯಾಟ್‌ಗಿಂತ ಬಹಳ ಹೆಚ್ಚು ಸೆಳೆಯುತ್ತವೆ ಎಂಬುದು ನಿಜ. ಇಂಥ ಏರಿಳಿತಗಳನ್ನು ಗಮನದಲ್ಲಿ ಇಟ್ಟುಕೊಂಡೇ 2022ರ ಎಟಿಎಕ್ಸ್ 3.0 ಮಾನದಂಡ ಬಂತು. ಆದರೆ ಪವರ್ ಸಪ್ಲೈ ತನ್ನ ರಕ್ಷಣೆಗಾಗಿ ಕಡಿದುಕೊಂಡರೆ ಯಂತ್ರ ಸಾಮಾನ್ಯವಾಗಿ ಪೂರ್ತಿ ಆರಿ ಹೋಗುತ್ತದೆ, ಎಷ್ಟೋ ಮಾದರಿಗಳಲ್ಲಿ ಹಿಂದಿನ ಸ್ವಿಚ್ ಆರಿಸಿ ಹಾಕುವ ತನಕ ಏಳುವುದೂ ಇಲ್ಲ. ಅದು ನಡೆಯುವುದು ಕೂಡ ಆಟದ ಭರದಲ್ಲಿ, ಬ್ರೌಸರ್ ಓದುವಾಗಲ್ಲ. ಇವರ ಯಂತ್ರ ತಾನಾಗಿ ಮರಳಿ ಏಳುತ್ತಿದೆ. ಹೊಸ ಪವರ್ ಸಪ್ಲೈಗೆ ಹಣ ಸುರಿಯುವ ಮೊದಲು ಬಯೋಸ್ ಅನ್ನು ಮೂಲ ಸ್ಥಿತಿಗೆ ತಂದು ಕೆಲವು ದಿನ ಬಳಸಿ ನೋಡುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಬಿಸಿಲೂರಿನವ

ದಾಖಲೆ ಸಿಕ್ಕಿತು. ವಿಯಾ-ಲಾಗರ್ 18, ದೋಷದ ಬಗೆ ಕ್ಯಾಶ್ ಹೈರಾರ್ಕಿ ಎರರ್, ಎಪಿಐಸಿ ಐಡಿ ಕೆಲವೊಮ್ಮೆ 4, ಕೆಲವೊಮ್ಮೆ 5. ನಿಮ್ಮ ಲೆಕ್ಕದಂತೆ ಅದು ಕೋರ್ 2. ವಿಚಿತ್ರವೆಂದರೆ ಯಂತ್ರದ ಒಳಗಿನ ಅಂಕೆಗಳನ್ನು ತೋರಿಸುವ ಎಚ್‌ಡಬ್ಲ್ಯುಇನ್ಫೊ ಅದೇ ಕೋರನ್ನು ಆರರಲ್ಲಿ ಅತ್ಯುತ್ತಮ ಎಂದು ತೋರಿಸುತ್ತಿದೆ. ಒಳ್ಳೆಯ ಕೋರ್ ಹೆಚ್ಚು ಕಡಿತವನ್ನು ತಾಳಬೇಕಲ್ಲವೇ?

ಕೋರ್‌ಗೊಂದು ಕರ್ವ್

ಆಗುವುದು ಹೆಚ್ಚಾಗಿ ತಿರುವುಮುರುವು. ಅತ್ಯುತ್ತಮ ಕೋರ್ ಕಡಿಮೆ ವೋಲ್ಟೇಜಿನಲ್ಲಿ ಓಡಬಲ್ಲದು ಎಂಬುದನ್ನು ಕಾರ್ಖಾನೆಯೇ ಅಳೆದು, ಅದರ ಕರ್ವ್ ಅನ್ನು ಮೊದಲೇ ಕೆಳಗೆ ಇಳಿಸಿರುತ್ತದೆ. ಅಲ್ಲದೆ ವಿಂಡೋಸ್ ಹಗುರವಾದ ಕೆಲಸಗಳನ್ನೆಲ್ಲ ಆ ಕೋರ್‌ಗೇ ಒಪ್ಪಿಸುವುದರಿಂದ ಗರಿಷ್ಠ ವೇಗವನ್ನು ಹೆಚ್ಚು ಸಲ ಮುಟ್ಟುವುದೂ ಅದೇ. ಹೀಗಾಗಿ ಎಲ್ಲಕ್ಕಿಂತ ಕಡಿಮೆ ಕಡಿತ ಬೇಡುವುದು ಬಹುಪಾಲು ಅತ್ಯುತ್ತಮವೆಂದು ಗುರುತಾದ ಒಂದೆರಡು ಕೋರ್‌ಗಳೇ. ಆರಕ್ಕೂ ಒಂದೇ ಸಂಖ್ಯೆ ಕೊಡುವ ಪದ್ಧತಿಯನ್ನು ಬಿಟ್ಟು ಕೋರ್‌ಗೊಂದು ಬೆಲೆ ಕೊಡಬೇಕು.

ಇದಕ್ಕೆ ತಕ್ಕ ಸಾಧನ ಕೋರ್‌ಸೈಕ್ಲರ್. ಅದು ಪವರ್‌ಶೆಲ್‌ನಲ್ಲಿ ಬರೆದ ಸ್ಕ್ರಿಪ್ಟ್. ಪ್ರೈಮ್95ನ್ನು ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಓಡಿಸಿ, ನಿಗದಿತ ಹೊತ್ತಿನ ನಂತರ ಮುಂದಿನ ಕೋರ್‌ಗೆ ದಾಟುತ್ತದೆ. ಎವಿಎಕ್ಸ್ ಎಂಬ ಭಾರದ ಲೆಕ್ಕದ ವಿಧಾನ ಬಿಟ್ಟು ಹಗುರವಾದ ಎಸ್‌ಎಸ್‌ಇ ವಿಧಾನವನ್ನೇ ಇಟ್ಟುಕೊಳ್ಳಿ, ಏಕೆಂದರೆ ಹಗುರ ಲೆಕ್ಕದಲ್ಲೇ ಕೋರ್ ತನ್ನ ಮೇಲ್ಮಿತಿ ಮುಟ್ಟುವುದು. ದೋಷ ಬಂದರೆ ಪ್ರೈಮ್95 ಸುತ್ತುವಿಕೆಯ ವ್ಯತ್ಯಾಸ 0.5 ಇದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು ಎಂಬರ್ಥದ ಸಾಲೊಂದನ್ನು ತೋರಿಸಿ ನಿಲ್ಲುತ್ತದೆ. ಈ ಸಾಲಿನ ಹಿಂದಿನ ತರ್ಕ ಚಂದವಾಗಿದೆ. 1996ರಿಂದ ನಡೆದಿರುವ ಜಿಂಪ್ಸ್ ಯೋಜನೆಗಾಗಿ ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ಈ ತಂತ್ರಾಂಶ ದೈತ್ಯ ಸಂಖ್ಯೆಗಳ ವರ್ಗವನ್ನು ದಶಮಾಂಶ ಲೆಕ್ಕದಲ್ಲಿ ಮಾಡುತ್ತದೆ, ಆದರೆ ಉತ್ತರ ಪೂರ್ಣಾಂಕವೇ ಆಗಿರಬೇಕು. ಬಂದ ಉತ್ತರ ಹತ್ತಿರದ ಪೂರ್ಣಾಂಕದಿಂದ 0.4ರಷ್ಟು ದೂರ ಸರಿದಿದ್ದರೆ ಎಲ್ಲೋ ಒಂದು ಬಿಟ್ ಕೆಟ್ಟಿದೆ ಎಂದೇ ತಿಳಿಯಬೇಕು. ಸಿನಿಬೆಂಚ್‌ಗೆ ಇಂಥ ತಪಾಸಣೆ ಇಲ್ಲ. ಚಿತ್ರದ ಒಂದು ಚುಕ್ಕೆಯ ಬಣ್ಣ ತಪ್ಪಿದರೆ ಅದು ಯಾರಿಗೂ ಹೇಳದೆ ಮುಂದೆ ಹೋಗುತ್ತದೆ.

ಕೋರ್ 2ಕ್ಕೆ ಮೈನಸ್ 10ರಿಂದ ಆರಂಭಿಸಿ, ಉಳಿದವನ್ನು ಮೈನಸ್ 20ಕ್ಕೆ ತಂದು ರಾತ್ರಿಯಿಡೀ ಓಡಿಸಿ. ದೋಷ ತೋರಿದ ಕೋರ್‌ಗೆ ಮಾತ್ರ ಮೂರು ಅಂಕ ವಾಪಸು ಕೊಟ್ಟು ಮತ್ತೆ ಓಡಿಸಿ. ತಾಳ್ಮೆ ಬೇಡುವ ಕೆಲಸ, ಅಡ್ಡದಾರಿ ಇಲ್ಲ.

ಸುಮ್ಮನೆ ಆಡುವವ

ಕ್ಷಮಿಸಿ, ಇಷ್ಟೆಲ್ಲ ಏಕೆ? 3070 ಟಿಐ ಇಟ್ಟುಕೊಂಡು 1440ಪಿಯಲ್ಲಿ ಆಡುವವರಿಗೆ ಬಹುತೇಕ ಆಟಗಳಲ್ಲಿ ತಡೆಯಾಗುವುದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರನ್ನು 4.65ರಿಂದ 4.85ಕ್ಕೆ ಏರಿಸಿದರೆ ಕಾಗದದ ಮೇಲೇ ಅದು ಶೇಕಡಾ 4ರಷ್ಟು ಹೆಚ್ಚಳ, ಆಟದಲ್ಲಿ ಅದರ ಅರ್ಧವೂ ಕಾಣಿಸದು. ರಾತ್ರಿಯಿಡೀ ಪ್ರೈಮ್95 ಓಡಿಸಿದ ಕರೆಂಟ್ ಬಿಲ್ಲಿಗಾದರೂ ಅದು ಸಾಟಿಯೇ? ಪಿಬಿಒ ಬಳಕೆಯಿಂದ ಆದ ಹಾನಿ ವಾರಂಟಿಯಲ್ಲಿ ಸೇರುವುದಿಲ್ಲ ಎಂದು ಎಎಂಡಿ ಬರೆದೇ ಇದೆ.

ಅಳತೆಗಾರ್ತಿ

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಆದರೆ ಉತ್ತರ ಊಹೆಯಿಂದ ಬರಬಾರದು, ಅಳತೆಯಿಂದ ಬರಬೇಕು. ಇಲ್ಲಿ ಎಲ್ಲರೂ ಸ್ಥಿರತೆಯ ಬಗ್ಗೆಯೇ ಬರೆಯುತ್ತಿದ್ದಾರೆ. ವೇಗವನ್ನು ಜೊತೆಜೊತೆಗೆ ಅಳೆಯದಿದ್ದರೆ ಸ್ಥಿರತೆಯ ಪರೀಕ್ಷೆಯೂ ಅರ್ಧ ಸುಳ್ಳು ಹೇಳುತ್ತದೆ. ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಪ್ರೊಸೆಸರಿನದು. ರೈಜೆನ್‌ಗೆ ವೋಲ್ಟೇಜ್ ಸಾಲದೆ ಬಂದಾಗ ಅದು ತಕ್ಷಣ ಕ್ರ್ಯಾಶ್ ಆಗಬೇಕೆಂದೇನೂ ಇಲ್ಲ; ಗಡಿಯಾರದ ಮಿಡಿತಗಳನ್ನು ಹಿಗ್ಗಿಸಿಕೊಂಡು ಸಂಭಾಳಿಸುತ್ತದೆ. ಪರದೆಯ ಮೇಲೆ 4.85 ಎಂದೇ ಇರುತ್ತದೆ, ನಿಜವಾಗಿ ಆಗುತ್ತಿರುವ ಕೆಲಸ ಕಡಿಮೆ. ಎಚ್‌ಡಬ್ಲ್ಯುಇನ್ಫೊದಲ್ಲಿ ಕೋರ್ ಕ್ಲಾಕ್ ಬೇರೆ, ಎಫೆಕ್ಟಿವ್ ಕ್ಲಾಕ್ ಬೇರೆ ಎಂದು ಎರಡು ಸಾಲು ಇರುವುದು ಇದಕ್ಕಾಗಿಯೇ. ಪೂರ್ಣ ಲೋಡ್‌ನಲ್ಲಿ ಎರಡರ ನಡುವೆ 20 ಅಥವಾ 30 ಮೆಗಾಹರ್ಟ್ಸ್ ಅಂತರವಿದ್ದರೆ ಚಿಂತೆಯಿಲ್ಲ. ನೂರು ದಾಟಿದರೆ ಕಡಿತ ಅತಿಯಾಗಿದೆ ಎಂದು ನಾನು ಓದಿಕೊಳ್ಳುತ್ತೇನೆ. ಮೈನಸ್ 25ರಲ್ಲಿ ಬಂದ ಸಿನಿಬೆಂಚ್ ಅಂಕ ಮೈನಸ್ 15ರದಕ್ಕಿಂತ ಕಡಿಮೆಯಿದ್ದರಂತೂ ಮುಂದೆ ವಾದವೇ ಬೇಡ.

ಎರಡನೆಯದು ಗ್ರಾಫಿಕ್ಸ್ ಕಾರ್ಡಿನದು, ಇದು ಇನ್ನೂ ಮೋಸದ್ದು. 3070 ಟಿಐ ಮೇಲೆ ಇರುವುದು ಜಿಡಿಡಿಆರ್6ಎಕ್ಸ್ ಮೆಮೊರಿ, ಸಹಜ ವೇಗ 19 ಜಿಬಿಪಿಎಸ್. ಪ್ಲಸ್ 1000 ಎಂದರೆ ಅದು 21ರ ಹತ್ತಿರ ಹೋಗುತ್ತದೆ. ಈ ಮೆಮೊರಿಯ ದಾರಿಯಲ್ಲಿ ದತ್ತಾಂಶ ಕೆಟ್ಟರೆ ಕಂಟ್ರೋಲರ್ ಅದನ್ನು ಪತ್ತೆ ಮಾಡಿ ಮತ್ತೆ ಕಳುಹಿಸಿಕೊಳ್ಳುತ್ತದೆ. ಹಿಂದಿನ ಕಾರ್ಡ್‌ಗಳಲ್ಲಿ ಪರದೆಯ ಮೇಲೆ ಬಣ್ಣದ ಚುಕ್ಕೆಗಳು ಹಾರಿ ಎಚ್ಚರಿಸುತ್ತಿದ್ದವು. ಇಲ್ಲಿ ಚಿತ್ರ ಸ್ವಚ್ಛವಾಗಿಯೇ ಇರುತ್ತದೆ, ಮರುಕಳುಹಿಸುವಿಕೆಯಲ್ಲಿ ಸಮಯ ಮಾತ್ರ ಸೋರಿಹೋಗುತ್ತದೆ. ಆದ್ದರಿಂದ ಪ್ಲಸ್ 200ರಿಂದ ಆರಂಭಿಸಿ ನೂರು ನೂರರಂತೆ ಏರಿಸುತ್ತ, ಪ್ರತಿ ಹಂತದಲ್ಲೂ ಸೂಪರ್‌ಪೊಸಿಷನ್ ಅಥವಾ ಟೈಮ್ ಸ್ಪೈ ಎಂಬ ಗ್ರಾಫಿಕ್ಸ್ ಬೆಂಚ್‌ಮಾರ್ಕ್‌ನ ಅಂಕವನ್ನು ಬರೆದಿಡಿ. ಅಂಕ ಏರುವುದನ್ನು ನಿಲ್ಲಿಸಿ ಇಳಿಯಲು ತೊಡಗಿದರೆ ನೀವು ಗಡಿ ದಾಟಿದ್ದೀರಿ. ಪ್ಲಸ್ 1000ದಲ್ಲಿ ಕ್ರ್ಯಾಶ್ ಇಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಉಳಿಸಿಕೊಂಡವರು ಪ್ಲಸ್ 600ರವರಿಗಿಂತ ನಿಧಾನವಾಗಿ ಆಡುತ್ತಿರುವ ಸಾಧ್ಯತೆ ಇದೆ.

ಅಂದಹಾಗೆ, ಫರ್‌ಮಾರ್ಕ್ ಬಗ್ಗೆ ನನಗೆ ಯಾವ ಗೌರವವೂ ಇಲ್ಲ. ಅದು ಕಾರ್ಡನ್ನು ವಿದ್ಯುತ್ ಮಿತಿಗೆ ತಳ್ಳುತ್ತದೆ, ಮಿತಿಯಲ್ಲಿ ಉಳಿಯಲು ಕಾರ್ಡ್ ವೇಗವನ್ನು ತಗ್ಗಿಸುತ್ತದೆ, ಹಾಗಾಗಿ ನಿಮ್ಮ ಪ್ಲಸ್ 120 ಪರೀಕ್ಷೆಗೆ ಒಳಗಾಗುವುದೇ ಇಲ್ಲ. ಕೂಲರಿನ ಸಾಮರ್ಥ್ಯ ನೋಡಲು ಬೇಕಾದರೆ ಬಳಸಿ. ಟೈಮ್ ಸ್ಪೈನ ಸ್ಟ್ರೆಸ್ ಟೆಸ್ಟ್ 20 ಸುತ್ತು ಓಡಿ, ಸುತ್ತುಗಳ ನಡುವಿನ ಫ್ರೇಮ್ ದರದ ಸಮತೆ ಶೇಕಡಾ 97 ಇದ್ದರೆ ಉತ್ತೀರ್ಣ ಎನ್ನುತ್ತದೆ. ಅದು ಹೆಚ್ಚು ಉಪಯುಕ್ತ. ಅದನ್ನು ದಾಟಿದ ಕಾರ್ಡ್ ರೇ ಟ್ರೇಸಿಂಗ್ ಇರುವ ಪೋರ್ಟ್ ರಾಯಲ್‌ನಲ್ಲಿ ಬೀಳುವುದುಂಟು, ಏಕೆಂದರೆ ಅಲ್ಲಿ ಚಿಪ್‌ನ ಬೇರೆ ಭಾಗಗಳಿಗೆ ಕೆಲಸ ಬೀಳುತ್ತದೆ. ನೀವು ರೇ ಟ್ರೇಸಿಂಗ್ ಹಾಕಿ ಆಡುವವರಾದರೆ ಎರಡನ್ನೂ ಓಡಿಸಿ.

ಆಟದೊಳಗಿನ ಅಳತೆಗೆ ಬಂದರೆ, ಸೈಬರ್‌ಪಂಕ್ 2077 ಅಥವಾ ಶ್ಯಾಡೊ ಆಫ್ ದ ಟೂಂಬ್ ರೈಡರ್‌ನಲ್ಲಿರುವ ಸಿದ್ಧ ಬೆಂಚ್‌ಮಾರ್ಕ್ ಸಾಕು. ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ನಂತರದ ಮೂರರಲ್ಲಿ ಮಧ್ಯದ್ದನ್ನು ತೆಗೆದುಕೊಳ್ಳಿ. ಸರಾಸರಿ ಫ್ರೇಮ್ ದರಕ್ಕಿಂತ ಮುಖ್ಯವಾಗಿ, ಅತಿ ನಿಧಾನದ ಶೇಕಡಾ 1ರಷ್ಟು ಫ್ರೇಮ್‌ಗಳ ದರವನ್ನು ಕ್ಯಾಪ್‌ಫ್ರೇಮ್‌ಎಕ್ಸ್ ತಂತ್ರಾಂಶದಲ್ಲಿ ನೋಡಿ. ರ್‍ಯಾಮ್ ಮತ್ತು ಪ್ರೊಸೆಸರಿನ ಪರಿಣಾಮ ಕಾಣುವುದು ಅಲ್ಲೇ. ಓಟದಿಂದ ಓಟಕ್ಕೆ ಇರುವ ಸಹಜ ವ್ಯತ್ಯಾಸಕ್ಕಿಂತ ನಿಮ್ಮ ಗಳಿಕೆ ಚಿಕ್ಕದಾಗಿದ್ದರೆ, ಸುಮ್ಮನೆ ಆಡುವವರ ಮಾತಿಗೆ ನನ್ನದೂ ಒಪ್ಪಿಗೆ.

ಎಸ್‌ಪಿ ರೋಡ್ ಸಂಚಾರಿ

ರ್‍ಯಾಮ್ ಅನ್ನು ಎಲ್ಲರೂ ಮರೆತಂತಿದೆ. 5600ಎಕ್ಸ್‌ಗೆ ಎಎಂಡಿ ಅಧಿಕೃತವಾಗಿ ಹೇಳಿರುವುದು ಡಿಡಿಆರ್4-3200. ಎಕ್ಸ್‌ಎಂಪಿಯ 3600 ಕೂಡ ಓವರ್‌ಕ್ಲಾಕೇ. ಪ್ರೊಸೆಸರ್ ಎಡವಿದರೆ ಯಂತ್ರ ರೀಸ್ಟಾರ್ಟ್ ಆಗಿ ತಿಳಿಸುತ್ತದೆ, ರ್‍ಯಾಮ್ ಎಡವಿದರೆ ಕಡತಗಳು ಸದ್ದಿಲ್ಲದೆ ಕೆಡುತ್ತವೆ. ಆಟದ ಅಪ್‌ಡೇಟ್ ಬಿಚ್ಚುವಾಗ ಕಡತ ದೋಷಪೂರಿತ ಎಂಬ ಸಂದೇಶ ಮೇಲಿಂದ ಮೇಲೆ ಬಂದರೆ ಅನುಮಾನ ಮೊದಲು ಅಲ್ಲಿಗೇ ಹೋಗಬೇಕು. ಹೊಸ ಟೈಮಿಂಗ್ ಹಾಕಿದಾಗ ವಿಂಡೋಸ್‌ಗೆ ಹೋಗದೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86ಪ್ಲಸ್ ಓಡಿಸಿ. ಅದು ದಾಟಿದ ಮೇಲೆ ವಿಂಡೋಸ್‌ನಲ್ಲಿ ಟೆಸ್ಟ್‌ಮೆಮ್5 ಅಥವಾ ಕಾರ್ಹು ಪರೀಕ್ಷೆ ಓಡಿಸಿ. ಕ್ರಮ ಹೀಗೇ ಇರಲಿ, ಏಕೆಂದರೆ ಕೆಟ್ಟ ರ್‍ಯಾಮ್ ಜೊತೆ ವಿಂಡೋಸ್ ಬೂಟ್ ಮಾಡಿದರೆ ವಿಂಡೋಸ್‌ನ ಕಡತಗಳೇ ಬಲಿಯಾಗಬಹುದು.

ಕೋರ್‌ಗೊಂದು ಕರ್ವ್

ಅದಕ್ಕೆ ಇನ್ನೊಂದು ಸೇರಿಸಿ. ರ್‍ಯಾಮ್ ಪರೀಕ್ಷೆ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಕುಳಿತಿರುತ್ತದೆ. ಆಟ ಶುರುವಾದರೆ 290 ವ್ಯಾಟ್‌ನ ಕಾರ್ಡ್ ತನ್ನ ಬಿಸಿಗಾಳಿಯನ್ನು ನೇರವಾಗಿ ರ್‍ಯಾಮ್ ಮೇಲೆ ಊದುತ್ತದೆ. ಟೈಮಿಂಗ್‌ಗಳನ್ನು, ಅದರಲ್ಲೂ ರಿಫ್ರೆಶ್‌ನ ಸಮಯವಾದ ಟಿಆರ್‌ಎಫ್‌ಸಿಯನ್ನು ಬಿಗಿಗೊಳಿಸಿದ ರ್‍ಯಾಮ್‌ಗಳು 40 ಡಿಗ್ರಿಯಲ್ಲಿ ದಾಟಿ 50ರ ಮೇಲೆ ದೋಷ ತೋರಿಸುವುದು ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಸಂಗತಿ. ಆದ್ದರಿಂದ ಕೊನೆಯ ಸುತ್ತಿನಲ್ಲಿ ಟೆಸ್ಟ್‌ಮೆಮ್5 ಜೊತೆಗೆ ಕಾರ್ಡಿಗೂ ಲೋಡ್ ಕೊಡಿ. ಅಳತೆಗಾರ್ತಿಯವರು ಒಪ್ಪುವುದಾದರೆ, ಫರ್‌ಮಾರ್ಕ್‌ಗೆ ಇಲ್ಲೊಂದು ಉಪಯೋಗ ಸಿಕ್ಕಿತು: ಕ್ಯಾಬಿನೆಟ್‌ಗೆ ಒಲೆ.

ಮಳೆನಾಡಿನ ಫ್ಯಾನ್

ಕೂಲರ್ ಮಾಡುವುದು ಇಷ್ಟೇ, ಚಿಪ್ ಅನ್ನು ಕೋಣೆಗಿಂತ ಇಂತಿಷ್ಟು ಡಿಗ್ರಿ ಮೇಲೆ ಹಿಡಿದಿಡುವುದು. 45 ಡಿಗ್ರಿಯ ಅಂತರ ಕೊಡುವ ಕೂಲರ್ ಆಗುಂಬೆಯ 22 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರನ್ನು 67ರಲ್ಲಿ ನಿಲ್ಲಿಸಿದರೆ, ಕಲಬುರಗಿಯ 38ರಲ್ಲಿ 83ಕ್ಕೆ ಬಿಡುತ್ತದೆ. ಹೊರದೇಶದ ವಿಡಿಯೊ ನೋಡಿ ಅಲ್ಲಿಯ ಸಂಖ್ಯೆಗಳನ್ನು ನಕಲು ಮಾಡುವವರು ಮೊದಲು ಅವರ ಕೋಣೆಯ ಉಷ್ಣತೆಯನ್ನು ಕೇಳಬೇಕು.

ಹಾಗೆಂದು ಬೇಸಿಗೆಯಲ್ಲಿ ದಾಟಿದ ಮೇಲೆ ವರ್ಷವಿಡೀ ನಿಶ್ಚಿಂತೆ ಎಂದೂ ಅಲ್ಲ. ಎನ್‌ವಿಡಿಯಾ ಕಾರ್ಡ್‌ಗಳು ಬಿಸಿ ಏರಿದಂತೆ ವೇಗವನ್ನು 15 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಇಳಿಸುತ್ತವೆ. ಮೇ ತಿಂಗಳ ಮಧ್ಯಾಹ್ನ ನಿಮ್ಮ ಕಾರ್ಡ್ ಓಡಿದ ವೇಗಕ್ಕಿಂತ ಡಿಸೆಂಬರ್ ಮುಂಜಾನೆ ಆಟದ ಮೊದಲ ನಿಮಿಷದ ವೇಗ ಒಂದೆರಡು ಮೆಟ್ಟಿಲು ಮೇಲಿರುತ್ತದೆ, ಆ ಮೆಟ್ಟಿಲಲ್ಲಿ ನೀವು ಎಂದೂ ಪರೀಕ್ಷಿಸಿರುವುದಿಲ್ಲ. ಬೇಸಿಗೆಗೊಮ್ಮೆ, ಚಳಿಗೊಮ್ಮೆ ಓಡಿಸಬೇಕು.

ಅಳತೆಗಾರ್ತಿ

ಆಟಗಳು ಸ್ವತಃ ಒಳ್ಳೆಯ ಪರೀಕ್ಷಕರು ಎಂಬುದಕ್ಕೆ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಪ್ರಸಂಗ ಸಾಕ್ಷಿ. ಅನ್‌ರಿಯಲ್ ಎಂಜಿನ್‌ನ ಆಟಗಳು ಆರಂಭದಲ್ಲಿ ಶೇಡರ್ (ಚಿತ್ರ ಬಿಡಿಸುವ ಕಿರು ಪ್ರೋಗ್ರಾಂ) ಸಿದ್ಧಪಡಿಸುವಾಗ ವಿಡಿಯೊ ಮೆಮೊರಿ ಸಾಲದು ಎಂದು ಹೇಳಿ ಬೀಳುತ್ತಿದ್ದವು. ಜನ ಗ್ರಾಫಿಕ್ಸ್ ಕಾರ್ಡನ್ನು ದೂರುತ್ತಿದ್ದರು, ಆದರೆ ಎಡವುತ್ತಿದ್ದದ್ದು ಪ್ರೊಸೆಸರ್. ದತ್ತಾಂಶ ಬಿಚ್ಚುವ ಊಡಲ್ ಎಂಬ ತಂತ್ರಾಂಶದ ತಯಾರಕರು 2024ರಲ್ಲಿ ಇದನ್ನು ಬಹಿರಂಗವಾಗಿ ವಿವರಿಸಿದರು. ಕೊನೆಗೆ ಇಂಟೆಲ್ ಅತಿಯಾದ ವೋಲ್ಟೇಜ್ ಬೇಡಿಕೆಯನ್ನು ಒಪ್ಪಿಕೊಂಡು, ಆ ವರ್ಷದ ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ತಂತ್ರಾಂಶ) ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಅಲ್ಲಿ ಬಹಳ ಮಂದಿ ಓವರ್‌ಕ್ಲಾಕ್ ಮಾಡಿಯೇ ಇರಲಿಲ್ಲ. ಇಂದು ದಾಟಿದ ಚಿಪ್ ಸವೆದು ಮುಂದೊಂದು ದಿನ ಬೀಳಬಹುದು ಎಂಬುದೂ ಅಲ್ಲಿಂದಲೇ ಗೊತ್ತಾಯಿತು. ನಾನು ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಶೇಡರ್ ಕ್ಯಾಶ್ ಅಳಿಸಿ ಅಂಥದೊಂದು ಆಟವನ್ನು ಮೊದಲಿಂದ ತೆರೆಯುತ್ತೇನೆ.

ಎಸ್‌ಪಿ ರೋಡ್ ಸಂಚಾರಿ

ಹಳೆಯದೊಂದು ನೆನಪಾಯಿತು. ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2005ರಲ್ಲಿ ಬರೆದದ್ದು: ಗ್ರಾಹಕರಿಂದ ಬಂದ ಕ್ರ್ಯಾಶ್ ವರದಿಗಳಲ್ಲಿ, ಒಂದು ರಿಜಿಸ್ಟರನ್ನು (ಪ್ರೊಸೆಸರಿನೊಳಗಿನ ಕಿರು ಸಂಗ್ರಹ) ಅದರೊಡನೆಯೇ ಎಕ್ಸ್‌ಒಆರ್ ಮಾಡಿ ಸೊನ್ನೆಯಾಗಿಸುವ ಸಾಲಿನಲ್ಲೇ ಯಂತ್ರ ಬಿದ್ದಿರುವುದು ಕಂಡುಬಂದಿತ್ತಂತೆ. ಮೆಮೊರಿಯನ್ನೇ ಮುಟ್ಟದ ಆ ಸೂಚನೆ ವಿಫಲವಾಗಲು ದಾರಿಯೇ ಇಲ್ಲ. ವಿಚಾರಿಸಿದರೆ ಯಂತ್ರಗಳು ಓವರ್‌ಕ್ಲಾಕ್ ಆಗಿದ್ದವು, ಕೆಲವು ಮಾಲೀಕರಿಗೆ ಅದು ತಿಳಿದೇ ಇರಲಿಲ್ಲ. ಮಾರಿದವರೇ ಹಾಗೆ ಮಾಡಿ ಕೊಟ್ಟಿದ್ದರು. ಸೆಕೆಂಡ್ ಹ್ಯಾಂಡ್ ಪಿಸಿ ಕೊಳ್ಳುವವರು ಮೊದಲು ಬಯೋಸ್ ತೆರೆದು ನೋಡಿ.

ಬಿಸಿಲೂರಿನವ

ಎಲ್ಲರ ಸಲಹೆಯಂತೆ ನಡೆದ ಮೇಲಿನ ಸ್ಥಿತಿ ಹೀಗಿದೆ. ಕೋರ್ 2 ಮೈನಸ್ 7ರಲ್ಲಿ ನಿಂತಿದೆ, ಕೋರ್ 4 ಮೈನಸ್ 14ರಲ್ಲಿ, ಉಳಿದವು ಮೈನಸ್ 20ರಲ್ಲೇ ಕೋರ್‌ಸೈಕ್ಲರ್ ದಾಟಿವೆ. ವೇಗದ ಮಿತಿಯ ಏರಿಕೆಯನ್ನು 200ರಿಂದ 100ಕ್ಕೆ ಇಳಿಸಿದೆ. ಸಿನಿಬೆಂಚ್‌ನ ಬಹು-ಕೋರ್ ಅಂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಉಷ್ಣ ಮಾತ್ರ ತಗ್ಗಿತು. ಗ್ರಾಫಿಕ್ಸ್ ಮೆಮೊರಿಯ ಅಂಕ ಪ್ಲಸ್ 700ರ ತನಕ ಏರಿ ಆಮೇಲೆ ಇಳಿಯಿತು, ಹಾಗಾಗಿ 600ರಲ್ಲಿ ಬಿಟ್ಟಿದ್ದೇನೆ. ಪೋರ್ಟ್ ರಾಯಲ್‌ನಲ್ಲಿ ಕೋರ್ ಪ್ಲಸ್ 120 ಬಿತ್ತು, ಪ್ಲಸ್ 75 ನಿಂತಿತು. ರ್‍ಯಾಮ್ 3600ರಲ್ಲೇ ಇದೆ, ಕಾರ್ಡಿಗೆ ಲೋಡ್ ಕೊಟ್ಟು ಮಾಡಿದ ಪರೀಕ್ಷೆಯಲ್ಲೂ ದೋಷವಿಲ್ಲ. ವಿಯಾ ದಾಖಲೆ ಆಮೇಲೆ ಬಂದಿಲ್ಲ. ಈಗಿನ ಪ್ರಶ್ನೆ ಒಂದೇ: ಬಯೋಸ್‌ನ ಹೊಸ ಆವೃತ್ತಿ ಬಂದಿದೆ, ಹಾಕಲೇ?

ಕೋರ್‌ಗೊಂದು ಕರ್ವ್

ಭದ್ರತೆಯ ತಿದ್ದುಪಡಿ ಇದ್ದರೆ ಹಾಕಿ. ಆದರೆ ನವೀಕರಣದಲ್ಲಿ ಸೆಟ್ಟಿಂಗ್‌ಗಳು ಅಳಿಸಿಹೋಗುತ್ತವೆ, ಹಳೆಯ ಆವೃತ್ತಿಯಲ್ಲಿ ಉಳಿಸಿದ ಪ್ರೊಫೈಲನ್ನು ಹೊಸದು ಸ್ವೀಕರಿಸದೆ ಹೋಗುವುದೂ ಉಂಟು. ಆದ್ದರಿಂದ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಂಡು, ಬೆಲೆಗಳನ್ನು ಕೈಯಿಂದಲೇ ಮತ್ತೆ ತುಂಬಿ. ಮೈಕ್ರೊಕೋಡ್ ಬದಲಾಗಿದ್ದರೆ ಕೋರ್ 2 ಮತ್ತು ಕೋರ್ 4ನ್ನಾದರೂ ಒಂದು ರಾತ್ರಿ ಮತ್ತೆ ಓಡಿಸಿ, ಉಳಿದವುಗಳಿಗೆ ಆತುರವಿಲ್ಲ.